ನಮೀಬಿಯಾದ ಬೇಟೆಗೆ ಮಧ್ಯಮ ಬೋರಿನ ರೈಫಲ್: 9.3×62 ಸಾಕೇ, .375 ಬೇಕೇ?

ತೊಗರಿಹೊಲ, ಚಿತ್ತಾಪುರ (ಕಲಬುರಗಿ ಜಿಲ್ಲೆ)

ಎಲ್ಲರಿಗೂ ಶರಣು. ನನ್ನ ಅಕ್ಕನ ಮಗ ಒಂಬತ್ತು ವರ್ಷಗಳಿಂದ ನಮೀಬಿಯಾದ ಗಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದಾನೆ. ಅಲ್ಲಿ ಖಾಸಗಿ ಜಮೀನುಗಳಲ್ಲಿ ಸರ್ಕಾರದ ಅನುಮತಿ ಪಡೆದು ದೊಡ್ಡ ಪ್ರಾಣಿಗಳ ಬೇಟೆಯಾಡುವುದು ಕಾನೂನುಬದ್ಧ, ಮತ್ತು ಬರುವ ಜೂನ್ ತಿಂಗಳಿನಲ್ಲಿ ನನ್ನನ್ನೂ ಜೊತೆಗೆ ಕರೆದಿದ್ದಾನೆ. ಮನಸ್ಸಿನಲ್ಲಿರುವ ಪ್ರಾಣಿಗಳು ಕುಡು, ಓರಿಕ್ಸ್, ಎಲ್ಲವೂ ಕೂಡಿಬಂದರೆ ಒಂದು ಈಲಂಡ್; ಮೂರೂ ಅಲ್ಲಿನ ದೊಡ್ಡ ಹುಲ್ಲೆಗಳು. ಅವನು ಅಲ್ಲಿನ ನಿವಾಸಿಯಾದ್ದರಿಂದ ಸ್ವಂತಕ್ಕೆ ಒಂದೇ ಒಂದು ಒಳ್ಳೆಯ ರೈಫಲ್ ಕೊಳ್ಳಬೇಕೆಂದಿದ್ದಾನೆ, ಅದೇ ರೈಫಲ್ಲನ್ನು ನಾನೂ ಬಳಸುವವನಿದ್ದೇನೆ. ಅಂಗಡಿಯವರು ಮೂರು ಕಾಡತೂಸುಗಳ ಹೆಸರು ಹೇಳಿದ್ದಾರೆ: 9.3×62 ಮೌಸರ್, .338 ವಿಂಚೆಸ್ಟರ್ ಮ್ಯಾಗ್ನಮ್, .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್. (ಹೆಸರಿನ ಮೊದಲ ಸಂಖ್ಯೆ ಸುಮಾರಾಗಿ ಬೋರ್, ಅಂದರೆ ನಳಿಕೆಯ ಒಳಗಿನ ಅಗಲ: 9.3 ಎಂಬುದು ಮಿ.ಮೀ.ನಲ್ಲಿ, ಚುಕ್ಕೆಯಿಂದ ಶುರುವಾಗುವವು ಇಂಚಿನಲ್ಲಿ.) "ಮಾಮಾ, ನೀವು ಹೇಳಿದ್ದೇ ತಗೋತೀನಿ" ಎಂದು ಅಳಿಯ ನನ್ನ ತಲೆಯ ಮೇಲೆ ಭಾರ ಹೊರಿಸಿ ಕುಳಿತಿದ್ದಾನೆ.

ನನ್ನ ಅನುಭವವೆಂದರೆ ನಮ್ಮ ಮುತ್ಯಾ ಬಿಟ್ಟುಹೋದ, ಪರವಾನಗಿ ನನ್ನ ಹೆಸರಿಗೆ ಬದಲಾದ ಒಂದು .315 ರೈಫಲ್ ಮಾತ್ರ. ಅದರಲ್ಲಿ ಹೈದರಾಬಾದಿನ ಮೈದಾನವೊಂದರಲ್ಲಿ ಕಾಗದದ ಗುರಿಗೆ ಹೊಡೆದಿದ್ದೇನೆಯೇ ಹೊರತು ಯಾವ ಪ್ರಾಣಿಗೂ ಹೊಡೆದವನಲ್ಲ. ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ನನಗೆ 56 ವರ್ಷ, ಎಂಟು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ಬಲಗಡೆಯ ಕೊರಳೆಲುಬು ಮುರಿದಿತ್ತು. ಕೂಡಿಕೊಂಡಿದೆ, ಆದರೂ ಚಳಿಗಾಲದಲ್ಲಿ ನೆನಪು ಮಾಡಿಕೊಡುತ್ತದೆ. ಮೂರರಲ್ಲಿ ಯಾವುದು ಸರಿಯೆಂಬುದನ್ನು ಕಾರಣಸಹಿತ ತಿಳಿಸಿಕೊಡಬೇಕೆಂದು ವಿನಂತಿ.

ಹಳೆಯ ಆರ್ಮರರ್, ಬೀದರ್

ಶರಣು ಶರಣಾರ್ಥಿ. ಸೈನ್ಯದಲ್ಲಿ 24 ವರ್ಷ ಬಂದೂಕು ಬಿಚ್ಚಿ ಜೋಡಿಸಿದವನು ನಾನು, ಆದ್ದರಿಂದ ಕಾಡಿನ ಮಾತಿಗಿಂತ ಕಬ್ಬಿಣದ ಮಾತು ಹೆಚ್ಚು ಆಡುತ್ತೇನೆ. ಒಂದೇ ರೈಫಲ್ ಕೊಳ್ಳುವವನಿಗೆ ನನ್ನ ಉತ್ತರ ಹಿಂದೆಯೂ ಇಂದಿಗೂ ಒಂದೇ: .375 ಹಾಲೆಂಡ್.

1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಈ ಕಾಡತೂಸನ್ನು ಹೊರತಂದಿತು. ಅದರ ಕವಚ ಉದ್ದವಾಗಿ, ಹಿಂದಿನಿಂದ ಮುಂದಕ್ಕೆ ತುಸುತುಸುವೇ ಸಣ್ಣದಾಗುತ್ತ ಹೋಗುತ್ತದೆ, ಗುಂಡು ಹಿಡಿಯುವ ಕುತ್ತಿಗೆಯ ಕೆಳಗಿನ ಹೆಗಲು ಬಹಳ ಇಳಿಜಾರು. ಆ ಕಾಲದಲ್ಲಿ ಕಾರ್ಡೈಟ್ ಎಂಬ ಸಣ್ಣ ಕಡ್ಡಿಗಳಂತಹ ಮದ್ದು ತುಂಬುತ್ತಿದ್ದರು. ಅದು ಬಿಸಿಲಿಗೆ ಒತ್ತಡವನ್ನು ಏರಿಸಿಬಿಡುವ ಜಾತಿಯದು. ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು ಕಂಡವರಿಗೆ ಆಫ್ರಿಕಾದ ಬಿಸಿಲು ವಿವರಿಸಬೇಕಿಲ್ಲ. ಒತ್ತಡ ಏರಿದಾಗ ಖಾಲಿ ಕವಚ ನಳಿಕೆಯ ಹಿಂಬದಿಯ ಗೂಡಿನೊಳಗೆ ಕಚ್ಚಿಕೊಂಡು ಕುಳಿತರೆ ಎದುರಿಗೆ ಗಾಯಗೊಂಡ ಪ್ರಾಣಿ ನಿಂತಿರುವ ಬೇಟೆಗಾರನ ಗತಿಯೇನು? ಮೊನಚಾಗುತ್ತ ಹೋಗುವ ಕವಚವು ಬೋಲ್ಟ್ (ಕಾಡತೂಸನ್ನು ಗೂಡಿಗೆ ತಳ್ಳಿ ಹೊರಗೆಳೆಯುವ ಹಿಡಿಯ ಭಾಗ) ಎಳೆದ ಕೂಡಲೇ ಬಿಟ್ಟುಕೊಡುತ್ತದೆ, ಮ್ಯಾಗಜೀನಿನಿಂದ ಗೂಡಿಗೆ ಹೋಗುವಾಗಲೂ ಬೆಣ್ಣೆಯಂತೆ ಜಾರುತ್ತದೆ. ಆದರೆ ಅಷ್ಟು ಇಳಿಜಾರಿನ ಹೆಗಲಿನ ಆಧಾರದಿಂದ ಕಾಡತೂಸು ಗೂಡಿನಲ್ಲಿ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಖಚಿತವಾಗಿ ನಿಲ್ಲಿಸಲಾಗದು, ಅದಕ್ಕೆಂದೇ ಬುಡದಲ್ಲಿ ಒಂದು ಪಟ್ಟಿ ಕಟ್ಟಿದರು. ಅನೇಕರು ತಿಳಿದಿರುವಂತೆ ಆ ಪಟ್ಟಿ ಶಕ್ತಿಗಾಗಿ ಇರುವುದಲ್ಲ.

ಗುಂಡು 300 ಗ್ರೇನ್, ಅಂದರೆ 19.4 ಗ್ರಾಂ, ನಳಿಕೆಯ ಬಾಯಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 770 ಮೀಟರ್, ಶಕ್ತಿ 5,700 ಜೌಲ್‌ಗೂ ಮೇಲೆ. 235 ಮತ್ತು 270 ಗ್ರೇನ್ ಗುಂಡುಗಳೂ ಸಿಗುತ್ತವೆ. ಸಣ್ಣ ಹುಲ್ಲೆಯಾದ ಸ್ಪ್ರಿಂಗ್‌ಬಕ್‌ನಿಂದ ಹಿಡಿದು ಕಾಡೆಮ್ಮೆಯವರೆಗೆ ಇದೊಂದರಲ್ಲೇ ಕೆಲಸ ಮುಗಿಯುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗೆ ಇದಕ್ಕಿಂತ ಸಣ್ಣದನ್ನು ಒಪ್ಪುವುದೇ ಇಲ್ಲ. ಇಂದು ಕುಡು ಎಂದವನು ಐದು ವರ್ಷದ ನಂತರ ಕಾಡೆಮ್ಮೆ ಎನ್ನುತ್ತಾನೆ, ಆಗ ಮತ್ತೊಂದು ರೈಫಲ್ ಏಕೆ?

ಕೊರಳೆಲುಬಿನ ಮಾತು ಎತ್ತಿದ್ದೀರಿ, ಹಾಗಾಗಿ ಹೊಡೆದಾಗ ರೈಫಲ್ ಹೆಗಲಿಗೆ ಕೊಡುವ ಒದೆತವನ್ನೂ ಲೆಕ್ಕ ಮಾಡಿ ಹೇಳುತ್ತೇನೆ. ಗುಂಡಿನ ತೂಕ, ಮದ್ದಿನ ತೂಕ, ಅವುಗಳ ವೇಗ, ರೈಫಲ್ಲಿನ ತೂಕ ಇಷ್ಟು ಗೊತ್ತಿದ್ದರೆ ಸಾಕು. ಹೋಲಿಕೆಗೆ, ಬಹಳ ಬಳಕೆಯಲ್ಲಿರುವ .30-06 ಕಾಡತೂಸಿನ 3.6 ಕೆ.ಜಿ.ಯ ರೈಫಲ್ ಸುಮಾರು 26 ಜೌಲ್‌ನಷ್ಟು ಒದೆಯುತ್ತದೆ. 3.8 ಕೆ.ಜಿ.ಯ 9.3×62 ಸುಮಾರು 42, 4.1 ಕೆ.ಜಿ.ಯ .375 ಸುಮಾರು 51. ಸಂಖ್ಯೆ ದೊಡ್ಡದು, ಒಪ್ಪುತ್ತೇನೆ. ಆದರೆ .375ರ ಒದೆತ ನಿಧಾನವಾಗಿ ತಳ್ಳುವ ಬಗೆಯದು; .338 ಅದಕ್ಕಿಂತ ಕಡಿಮೆ ಒದ್ದರೂ ಕೆನ್ನೆಗೆ ಹೊಡೆದಂತೆ ಚುರುಕಾಗಿ ಒದೆಯುತ್ತದೆ.

ವಕೀಲ, ಕಲಬುರಗಿ

ಕಾಡತೂಸಿನ ಆಯ್ಕೆಯಲ್ಲಿ ನನಗೆ ಪರಿಣತಿ ಇಲ್ಲ, ಆದರೆ ಮೂರು ಮಾತು ಹೇಳದೆ ಇರಲಾರೆ. ಮೊದಲನೆಯದು, ಅಭ್ಯಾಸಕ್ಕೆಂದು ನಮ್ಮ ಸೀಮೆಯ ಯಾವ ಪ್ರಾಣಿಯ ಕಡೆಗೂ ಆ .315ನ್ನು ತಿರುಗಿಸಬೇಡಿ. ಬೀದರ್ ಮತ್ತು ಕಲಬುರಗಿಯ ಹೊಲಗಳಲ್ಲಿ ತಿರುಗಾಡುವ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಹಂದಿಯೂ ಅನುಮತಿಯಿಲ್ಲದೆ ಮುಟ್ಟುವಂಥದ್ದಲ್ಲ. ಬೆಳೆರಕ್ಷಣೆಯ ಬಂದೂಕು ಪರವಾನಗಿ ಎಂದರೆ ಬೇಟೆಯ ಪರವಾನಗಿ ಎಂದು ಭಾವಿಸಿ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಕಂಡಿದ್ದೇನೆ. ಎರಡನೆಯದು, ಅಲ್ಲಿ ಬಳಸುವ ಬಂದೂಕು ಅಲ್ಲಿಯದೇ ಆಗಿರಲಿ. ಹೊರಡುವ ಮುನ್ನ ನಿಮ್ಮ ಚೀಲಗಳ ಜೇಬುಗಳನ್ನು ಎರಡು ಸಲ ತಡಕಿ ನೋಡಿ. ಮರೆತು ಉಳಿದ ಒಂದೇ ಒಂದು ಜೀವಂತ ಕಾಡತೂಸು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ, ಪ್ರವಾಸವೂ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು, ಕೊಂಬು ಅಥವಾ ಚರ್ಮವನ್ನು ಮನೆಗೆ ತರುವ ಆಲೋಚನೆಯನ್ನು ಇಲ್ಲಿಯೇ ಬಿಟ್ಟುಬಿಡಿ, ಫೋಟೋ ತನ್ನಿ.

ಪಶುವೈದ್ಯ, ಶಹಾಪುರ (ಯಾದಗಿರಿ ಜಿಲ್ಲೆ)

ನಾನು ಸುರಪುರದ ನಾಯಕರ ಸೀಮೆಯವನು, ಬೇಟೆಯ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದೇ. ಆದರೆ ನಿಜವಾದ ಬೇಟೆಯನ್ನು ನೋಡಿದ್ದು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಜಾನುವಾರು ಜಮೀನುಗಳಲ್ಲಿ ಆರು ವರ್ಷ ಕೆಲಸ ಮಾಡಿದಾಗ. ಹೊಡೆದ ಪ್ರಾಣಿಗಳನ್ನು ಸುಲಿಯುವ ಕಡೆ ನಿಂತು, ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ನಿಂತಿತು, ಏನನ್ನು ಹರಿಯಿತು ಎಂಬುದನ್ನು ನೂರಾರು ಸಲ ಕಣ್ಣಾರೆ ನೋಡಿದ್ದೇನೆ. ಆ ಬಲದ ಮೇಲೆ ಬೀದರಿನ ಹಿರಿಯರ ಅಭಿಪ್ರಾಯವನ್ನು ಗೌರವದಿಂದಲೇ ಒಪ್ಪದೆ ಇರುತ್ತೇನೆ.

ಮೊದಲು ಕಾನೂನನ್ನು ನೋಡೋಣ, ಏಕೆಂದರೆ ಅದು ಅರ್ಧ ಪ್ರಶ್ನೆಯನ್ನು ತಾನೇ ತೀರಿಸುತ್ತದೆ. ನಮೀಬಿಯಾದಲ್ಲಿ ಬೋರಿನ ಗಾತ್ರವನ್ನಲ್ಲ, ನಳಿಕೆಯ ಬಾಯಿಯಲ್ಲಿನ ಶಕ್ತಿಯನ್ನು ಅಳೆಯುತ್ತಾರೆ. ಸ್ಪ್ರಿಂಗ್‌ಬಕ್‌ನಂತಹ ಸಣ್ಣ ಪ್ರಾಣಿಗೆ ಕನಿಷ್ಠ 1,350 ಜೌಲ್, ಕುಡು, ಓರಿಕ್ಸ್, ಈಲಂಡ್‌ಗಳಿಗೆ 2,700 ಜೌಲ್, ಕಾಡೆಮ್ಮೆ ಮತ್ತು ಆನೆಯಂಥವುಗಳಿಗೆ 5,400 ಜೌಲ್ ಬೇಕು. 9.3×62 ತನ್ನ 286 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 720 ಮೀಟರ್ ವೇಗದಲ್ಲಿ ಬಿಡುತ್ತದೆ, ಶಕ್ತಿ 4,800 ಜೌಲ್. .338 ವಿಂಚೆಸ್ಟರ್ 250 ಗ್ರೇನ್ ಗುಂಡಿನಲ್ಲಿ 5,300ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ನೀವು ಹೆಸರಿಸಿದ ಮೂರೂ ಪ್ರಾಣಿಗಳಿಗೆ ಮೂರೂ ಕಾಡತೂಸುಗಳು ಅಗತ್ಯಕ್ಕಿಂತ ಬಹಳ ಮೇಲಿವೆ, ಸಾಧಾರಣ .30-06 ಕೂಡ 3,900 ಜೌಲ್ ಕೊಟ್ಟು ಧಾರಾಳವಾಗಿ ಪಾಸಾಗುತ್ತದೆ. ಕಾಡೆಮ್ಮೆ ಬಂದರೆ ಮಾತ್ರ .375 ಅನಿವಾರ್ಯ. ಆದ್ದರಿಂದ ನಿಮ್ಮ ಅಳಿಯನಿಗೆ ಕೇಳಬೇಕಾದ ನೇರ ಪ್ರಶ್ನೆಯೆಂದರೆ, ಕಾಡೆಮ್ಮೆಯ ಬೇಟೆಗೆ ತಗಲುವ ಹಣವನ್ನು ಅವನು ಎಂದಾದರೂ ಕೊಡುವವನೇ? ಐದು ವರ್ಷದ ನಂತರ ಕೊಡಬಹುದು ಎಂಬುದಕ್ಕಾಗಿ ಐದು ವರ್ಷ ಭಾರ ಹೊರುವುದು ನನಗೆ ಸರಿಕಾಣುವುದಿಲ್ಲ. ಅಂಥ ಬೇಟೆಗೆ ರೈಫಲ್ ಬಾಡಿಗೆಗೆ ಸಿಗುತ್ತದೆ.

ಈಗ ಮಾಂಸದೊಳಗಿನ ಮಾತು. ಗುಂಡು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಬೋರ್ ಒಂದೇ ನಿರ್ಧರಿಸುವುದಿಲ್ಲ. ಅಗಲಕ್ಕೆ ಹೋಲಿಸಿದರೆ ಗುಂಡು ಎಷ್ಟು ಭಾರವಾಗಿದೆ ಎಂಬ ಅನುಪಾತ ಮುಖ್ಯ. ಆ ಅನುಪಾತ 286 ಗ್ರೇನಿನ 9.3 ಗುಂಡಿಗೆ 0.305, 300 ಗ್ರೇನಿನ .375ಕ್ಕೂ 0.305! ಹಾಗಾಗಿ ಒಂದೇ ಬಗೆಯ ಗುಂಡು ಹಾಕಿದರೆ ಒಳಗೆ ಹೋಗುವ ಆಳದಲ್ಲಿ ಎರಡನ್ನೂ ಬೇರೆ ಮಾಡಿ ಹೇಳುವುದು ಸುಲಿಯುವವನಿಗೂ ಕಷ್ಟ. ನಾನು ಕಂಡ ಕುಡುಗಳಲ್ಲಿ ಎರಡೂ ಒಂದು ಭುಜದಲ್ಲಿ ಹೊಕ್ಕು ಇನ್ನೊಂದು ಭುಜದ ಚರ್ಮದ ಕೆಳಗೆ ಸಿಕ್ಕಿಕೊಂಡಿರುತ್ತಿದ್ದವು ಅಥವಾ ಹೊರಬಿದ್ದಿರುತ್ತಿದ್ದವು.

ಗುಂಡಿನ ರಚನೆಗೆ ಇದಕ್ಕಿಂತ ಹೆಚ್ಚು ಗಮನ ಕೊಡಬೇಕು. ಈಲಂಡ್ ಗಂಡು ನಮ್ಮ ದೇವಣಿ ಹೋರಿಗಿಂತ ದೊಡ್ಡದು, 700 ಕೆ.ಜಿ. ದಾಟುವುದು ವಿಶೇಷವಲ್ಲ. ಮೆತ್ತಗಿನ ಸೀಸದ ಅಗ್ಗದ ಗುಂಡು ಅದರ ಭುಜದೆಲುಬಿಗೆ ಬಡಿದು ಚೂರಾದುದನ್ನು ನೋಡಿದ್ದೇನೆ. ಆ ಪ್ರಾಣಿಯ ಜಾಡನ್ನು ಮರುದಿನ ಮಧ್ಯಾಹ್ನದವರೆಗೆ ಹಿಡಿದು ಹೋಗಬೇಕಾಯಿತು, ಹೊಡೆದವರ ಕೈಯಲ್ಲಿದ್ದದ್ದು .375 ಎಂಬುದನ್ನು ಇಲ್ಲಿ ಹೇಳಲೇಬೇಕು. ಸೀಸವು ತಾಮ್ರದ ಕವಚಕ್ಕೆ ಬೆಸೆದುಕೊಂಡಿರುವ ಗುಂಡು ಅಥವಾ ಇಡಿಯಾಗಿ ತಾಮ್ರದಿಂದಲೇ ಮಾಡಿದ ಗುಂಡು ಕೊಳ್ಳಿರಿ. ಹತ್ತು ಕಾಡತೂಸಿನ ಬೆಲೆಯಲ್ಲಿ ಉಳಿತಾಯ ಮಾಡಿ ಬೇಟೆಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ, ಏಕೆಂದರೆ ಅಲ್ಲಿ ಗಾಯಗೊಂಡು ಕೈತಪ್ಪಿದ ಪ್ರಾಣಿಗೂ ಪೂರ್ತಿ ಹಣ ಕೊಡಬೇಕಾಗುತ್ತದೆ.

ಇನ್ನು ಓರಿಕ್ಸ್. ಹೊಸಬರು ಹೆಚ್ಚು ಗಾಯಮಾಡಿ ಬಿಡುವ ಪ್ರಾಣಿ ಇದೇ. ಅದರ ಹೆಗಲಿನ ಮೇಲೆ ಗೂನಿನಂತೆ ಎತ್ತರವಿರುವುದರಿಂದ ಕಣ್ಣು ಇಡೀ ಎದೆಯನ್ನು ಒಂದೇ ಎಂದು ತಿಳಿದು ನಡುವಿಗೆ ಗುರಿಯಿಡುತ್ತದೆ, ಗುಂಡು ಬೆನ್ನೆಲುಬಿನ ಹತ್ತಿರದ ಮಾಂಸದಲ್ಲಿ ಹಾದು ಪ್ರಾಣಿ ಬಿದ್ದಂತೆ ಮಾಡಿ ಎದ್ದು ಓಡುತ್ತದೆ. ಹೃದಯ ಇರುವುದು ಕೆಳಗೆ, ಮುಂದೆ. ಮುಂಗಾಲಿನ ಗೆರೆಯನ್ನೇ ಹಿಡಿದು ಮೇಲಕ್ಕೆ ಬಂದು ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿರಿ. ಇಷ್ಟನ್ನು ಸರಿಯಾಗಿ ಮಾಡಿದವನಿಗೆ .30-06 ಸಾಕು, ಮಾಡದವನಿಗೆ .375 ಕೂಡ ಸಾಲದು. ಜಿಮ್ ಕಾರ್ಬೆಟ್ ಹೆಚ್ಚಾಗಿ ಹೊತ್ತು ತಿರುಗಿದ್ದು .275 ರಿಗ್ಬಿ ಎಂಬ 7 ಮಿ.ಮೀ. ರೈಫಲ್ಲನ್ನು.

ಮುಳ್ಳುಪೊದೆಗಳಲ್ಲಿ ಭಾರದ ಗುಂಡು ಕಡ್ಡಿಗಳನ್ನು ಕತ್ತರಿಸಿಕೊಂಡು ನೇರವಾಗಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲ ಗುಂಡುಗಳೂ ಓರೆಯಾಗುತ್ತವೆ. ಪೊದೆಗಳ ನಡುವಿನ ತೆರವಾದ ಜಾಗಕ್ಕೆ ಪ್ರಾಣಿ ಬರುವವರೆಗೆ ಕಾಯಬೇಕು.

ತೊಗರಿಹೊಲ, ಚಿತ್ತಾಪುರ

ಇಬ್ಬರು ಹಿರಿಯರಿಗೂ ವಕೀಲರಿಗೂ ಶರಣಾರ್ಥಿ. ಅಳಿಯನಿಗೆ ಕರೆ ಮಾಡಿ ಕಾಡೆಮ್ಮೆಯ ವಿಷಯ ಕೇಳಿದೆ. ಮನೆಯ ಸಾಲ ತೀರುವವರೆಗೆ ಕಾಡೆಮ್ಮೆಯ ಹೆಸರು ಎತ್ತಬೇಡಿ ಎಂದು ಅವನ ಹೆಂಡತಿಯೇ ಫೋನ್ ತೆಗೆದುಕೊಂಡು ಉತ್ತರ ಕೊಟ್ಟಳು. ಬೇಟೆಯ ಜಮೀನು ವಿಂಡ್‌ಹುಕ್‌ನಿಂದ ಉತ್ತರಕ್ಕೆ, ಮುಳ್ಳುಗಿಡಗಳ ಸೀಮೆ. ಹೆಚ್ಚಿನ ಹೊಡೆತಗಳು 150 ಮೀಟರಿನೊಳಗೆ ಇರುತ್ತವೆಯಂತೆ. ಆದರೆ ಒಂದೊಂದು ಸಲ ಬಯಲಿನಲ್ಲಿ 250 ಮೀಟರ್ ಆಗಬಹುದು ಎಂದೂ ಹೇಳಿದ. 9.3ರ ಗುಂಡು ಅಷ್ಟು ದೂರದಲ್ಲಿ ಬಹಳ ಕೆಳಗಿಳಿಯುವುದಿಲ್ಲವೇ, ಅದಕ್ಕಾಗಿ .338 ಕಡೆ ನೋಡಬೇಕೇ? ಅಂಗಡಿಯವರು ಅಮೆರಿಕದ .35 ವೀಲನ್ ಎಂಬುದನ್ನೂ ಈಗ ಸೇರಿಸಿದ್ದಾರೆ.

ಪಶುವೈದ್ಯ, ಶಹಾಪುರ

.338 ವಿಂಚೆಸ್ಟರ್ 1958ರ ಕಾಡತೂಸು. ನೇರವಾಗಿ ಹೋಗುವುದರಲ್ಲಿ ಮೂರರಲ್ಲಿ ಅದೇ ಮುಂದು ಎಂಬುದು ನಿಜ. ಆದರೆ ಬೇಟೆಯ ಎರಡನೆಯ ದಿನ ಕಾಡತೂಸಿನ ಡಬ್ಬಿ ಖಾಲಿಯಾದರೆ ನಮೀಬಿಯಾದ ಸಣ್ಣ ಊರಿನ ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದನ್ನು ಯೋಚಿಸಿರಿ. ಆ ದೇಶ 1915ರವರೆಗೆ ಜರ್ಮನರ ವಸಾಹತು. ಬರ್ಲಿನ್ನಿನ ಬಂದೂಕುಗಾರ ಒಟ್ಟೋ ಬಾಕ್ 1905ರಲ್ಲಿ 9.3×62 ರೂಪಿಸಿದ್ದೇ ಆಫ್ರಿಕಾಕ್ಕೆ ಹೋಗುವ ಜರ್ಮನ್ ರೈತರ ಅಗತ್ಯವನ್ನು ಮುಂದಿಟ್ಟುಕೊಂಡು. ಇಂಗ್ಲಿಷರ ಜೋಡುನಳಿಕೆಯ ರೈಫಲ್ ಕೊಳ್ಳಲಾಗದ ರೈತನಿಗೆ ಸಾಧಾರಣ ಮೌಸರ್ 98 ರೈಫಲ್ಲಿನೊಳಗೆ ಹಿಡಿಯುವ, ಅಗ್ಗದ, ಗಟ್ಟಿ ಕಾಡತೂಸೊಂದು ಸಿಕ್ಕಂತಾಯಿತು. ಇಂದಿಗೂ ಅಲ್ಲಿನ ಜರ್ಮನ್ ಮನೆತನಗಳ ಗೋಡೆಯ ಮೇಲೆ ಅದು ತೂಗುತ್ತದೆ, ಹಾಗಾಗಿ ಅಂಗಡಿಯಲ್ಲೂ ಇರುತ್ತದೆ. .35 ವೀಲನ್ ಕೆಟ್ಟದ್ದೇನಲ್ಲ, ಆದರೆ ಅಲ್ಲಿ ಅದರ ಕಾಡತೂಸು ಹುಡುಕುವುದು ಯಾದಗಿರಿಯಲ್ಲಿ ಬೇಸಿಗೆಯ ಮಳೆ ಹುಡುಕಿದಂತೆ.

ಇಳಿತದ ಬಗ್ಗೆ: 200 ಗಜಕ್ಕೆ ಗುರಿ ಕೂಡಿಸಿದ 9.3ರ ಗುಂಡು 300 ಗಜದಲ್ಲಿ ಒಂದು ಗೇಣಿಗೂ ತುಸು ಹೆಚ್ಚು ಕೆಳಗಿಳಿಯುತ್ತದೆ. .375ರ 300 ಗ್ರೇನ್ ಗುಂಡೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ದೂರಕ್ಕೆ ಹೊಡೆಯುವ ಆತುರ ಮೊದಲ ಬೇಟೆಯಲ್ಲಿ ನಿಮಗೆ ಬೇಡ. ಜೊತೆಗಿರುವ ಮಾರ್ಗದರ್ಶಿ ನಿಮ್ಮನ್ನು ಇನ್ನೂ ಹತ್ತಿರ ಕರೆದೊಯ್ಯಬಲ್ಲ, ಅವನ ಕೆಲಸವೇ ಅದು.

ಹಳೆಯ ಆರ್ಮರರ್, ಬೀದರ್

ವೈದ್ಯರು ಸುಲಿದು ನೋಡಿದವರು, ನಾನು ಬಿಚ್ಚಿ ನೋಡಿದವನು. ಅವರ ಶಕ್ತಿಯ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕಾಡೆಮ್ಮೆ ಇಲ್ಲವೆಂದಾದ ಮೇಲೆ ನನ್ನ .375ರ ಮುಖ್ಯ ಕಾರಣವೇ ಬಿದ್ದುಹೋಯಿತು. ಜೊತೆಗೆ ಆ ಕೊರಳೆಲುಬು. ಮೊದಲ ಸಲ ಓದಿದಾಗ ಅದನ್ನು ಹಗುರವಾಗಿ ತೆಗೆದುಕೊಂಡೆ. ಒದೆತ ನೋವು ಕೊಟ್ಟ ಕೈ ಮುಂದಿನ ಹೊಡೆತಕ್ಕೆ ಮೊದಲೇ ಬೆದರಿ ಟ್ರಿಗರನ್ನು ಜಗ್ಗಿಬಿಡುತ್ತದೆ. ಇಪ್ಪತ್ತರ ಹುಡುಗ ಜವಾನರಲ್ಲೂ ಅದನ್ನು ಕಂಡಿದ್ದೇನೆ. 51ಕ್ಕೂ 42ಕ್ಕೂ ನಡುವಿನ 9 ಜೌಲ್ ಕಾಗದದ ಮೇಲೆ ಸಣ್ಣದು, ಮುರಿದು ಕೂಡಿದ ಎಲುಬಿನ ಮೇಲೆ ಸಣ್ಣದಲ್ಲ. 9.3×62 ಕೊಳ್ಳಿರಿ.

ಇನ್ನು ಕೊಳ್ಳುವಾಗ ನೋಡಬೇಕಾದದ್ದು. .375ರ ಕಾಡತೂಸು 91 ಮಿ.ಮೀ.ಗೂ ಉದ್ದ, ಅದಕ್ಕೆ ಉದ್ದನೆಯ ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ಬೇಕು, 9.3×62 ಸುಮಾರು 83.6 ಮಿ.ಮೀ., ಸಾಧಾರಣ ಉದ್ದದ ಆಕ್ಷನ್ನಿನಲ್ಲೇ ಕೂರುತ್ತದೆ, ರೈಫಲ್ ಹಗುರವಾಗುತ್ತದೆ. ಆದರೆ ಅತಿ ಹಗುರವಾದದ್ದನ್ನು ಕೊಳ್ಳಬೇಡಿ. ದುರ್ಬೀನು ಸೇರಿ ನಾಲ್ಕು ಕೆ.ಜಿ.ಗೆ ಹತ್ತಿರವಿರಲಿ, ಹೆಗಲಿಗೆ ಆನಿಸುವ ಬಟ್ಟಿನ ಹಿಂದೆ ದಪ್ಪ ರಬ್ಬರಿನ ಮೆತ್ತೆ ಇರಲಿ. ದುರ್ಬೀನಿಗೂ ಹುಬ್ಬಿಗೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಬಿಡಿಸಿರಿ, ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗುರುತು ಹೊತ್ತು ಚಿತ್ತಾಪುರಕ್ಕೆ ಮರಳುತ್ತೀರಿ. ಮ್ಯಾಗಜೀನ್ ತುಂಬಿ, ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ಬೋಲ್ಟ್ ಎಳೆದು ಎಲ್ಲ ಕಾಡತೂಸುಗಳೂ ತಡೆಯಿಲ್ಲದೆ ಗೂಡಿಗೆ ಹೋಗಿ ಹೊರಬೀಳುತ್ತವೆಯೇ ಎಂದು ಅಳಿಯ ನೋಡಲಿ. ಅಂಗಡಿಯಲ್ಲಿ ಇದನ್ನು ಮದ್ದಿಲ್ಲದ ಖೊಟ್ಟಿ ಕಾಡತೂಸಿನಿಂದಲೇ ಮಾಡಬೇಕು.

ನಿಮ್ಮ ಮುತ್ಯಾನ .315 ವ್ಯರ್ಥವಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಕಾಡತೂಸು ಜನರ ಕೈಗೆ ಸಿಗಬಾರದೆಂದು ಆಸ್ಟ್ರಿಯಾದ 8×50 ಮ್ಯಾನ್ಲಿಷರ್ ಅಳತೆಯನ್ನು ನಾಗರಿಕರಿಗೆ ಕೊಟ್ಟರು, ಅದೇ ನಮ್ಮ .315. ಅದೂ ಬೋಲ್ಟಿನ ರೈಫಲ್, ಕೈ ಚಲನೆ ಅದೇ. ಖೊಟ್ಟಿ ಕಾಡತೂಸು ಹಾಕಿ, ಮನೆಯೊಳಗೆ ಬಾಗಿಲು ಮುಚ್ಚಿ, ದಿನವೂ ಇಪ್ಪತ್ತು ಸಲ ನಿಂತು ಗುರಿಯಿಟ್ಟು ಟ್ರಿಗರ್ ಒತ್ತಿರಿ. ಮೂರು ಕಾಲಿನ ಊರೆಗೋಲಿನ ಮೇಲೆ ಇಟ್ಟು ಹೊಡೆಯುವುದು ಅಲ್ಲಿನ ರೂಢಿ, ಮೂರು ಬಿದಿರು ಕಟ್ಟಿ ಒಂದು ಮಾಡಿಕೊಳ್ಳಿ.

ತೊಗರಿಹೊಲ, ಚಿತ್ತಾಪುರ

9.3×62 ಎಂದು ಅಳಿಯನಿಗೆ ಹೇಳಿಯಾಯಿತು. 286 ಗ್ರೇನಿನ ಬೆಸೆದ ಗುಂಡಿನ ಎರಡು ಡಬ್ಬಿ ಬೇಟೆಗೆ, ಅದೇ ತೂಕದ ಸಾಧಾರಣ ಗುಂಡಿನ ಮೂರು ಡಬ್ಬಿ ಅಭ್ಯಾಸಕ್ಕೆ ತೆಗೆದಿಡುತ್ತಾನಂತೆ. ನಾನು ಎರಡು ದಿನ ಮೊದಲೇ ತಲುಪಿ ಅಲ್ಲಿನ ಮೈದಾನದಲ್ಲಿ ಹೊಡೆದು ನೋಡುತ್ತೇನೆ. ಬಿದಿರು ನಿನ್ನೆ ಆಳಂದದ ಕಡೆಯಿಂದ ತರಿಸಿದೆ. ಮೂರನೆಯದು ಸ್ವಲ್ಪ ಗಿಡ್ಡವಾಗಿದೆ, ಬದಲಿಸಬೇಕು.

ಪಶುವೈದ್ಯ, ಶಹಾಪುರ

ಅಭ್ಯಾಸದ ಗುಂಡೂ ಬೇಟೆಯ ಗುಂಡೂ ತೂಕ ಒಂದೇ ಆದರೂ ಒಂದೇ ಕಡೆ ಬೀಳುತ್ತವೆಂದು ತಿಳಿಯಬೇಡಿ. ಕೊನೆಯ ದಿನ ಬೇಟೆಯ ಡಬ್ಬಿಯಿಂದಲೇ ಮೂರು ಹೊಡೆದು ದುರ್ಬೀನನ್ನು ಕೂಡಿಸಿಕೊಂಡು ಹೊರಡಿರಿ.